ಕತ್ತರಿಸಿದ ತಂತಿಗಳ ಬೆನ್ನು ಹತ್ತಿದ ಪಂಪಿನ ದೇವಣ್ಣ

ಗುಲ್ವಾಡಿಯಲ್ಲಿ ಹೊಳೆ ಕಡೆಯ ತಂಪು ಗಾಳಿ ಇನ್ನೂ ಬೀಸುತ್ತಿದೆ. ಬೆಳಕು ಹರಿಯಲು ಸ್ವಲ್ಪ ಬಾಕಿ. ರತೀಶ್ ಶೆಟ್ಟರ ಮನೆಯ ಜಗಲಿಯಲ್ಲಿ, ಮೀಟರ್ ಪೆಟ್ಟಿಗೆಯ ಎದುರು ಮಣೆ ಹಾಕಿಕೊಂಡು ದೇವು ಮೊಗವೀರ ಕೂತಿದ್ದಾರೆ. ಪೂಜೆಗೆ ಕೂತವರ ಹಾಗೆ ಬೆನ್ನು ನೆಟ್ಟಗಿದೆ. ಮನೆಯೊಡತಿ ಪ್ರಫುಲ್ಲಾ ಒಳಗೆ ಒಂದೊಂದೇ ಸ್ವಿಚ್ ಆಫ್ ಮಾಡುತ್ತ ಬರುತ್ತಿದ್ದಾರೆ. ಹೊರಗಿನಿಂದ ದೇವಣ್ಣನ ಪ್ರಶ್ನೆ, ಒಳಗಿನಿಂದ ಪ್ರಫುಲ್ಲಕ್ಕನ ಉತ್ತರ.

"ಫ್ರಿಜ್ಜ್?"

"ಆಫ್."

"ಟಿವಿ? ಬರೀ ರಿಮೋಟಂಗೆ ಅಲ್ಲ, ಗೋಡಿ ಸ್ವಿಚ್ಚೂ ಆಫ್ ಮಾಡ್ಕ್."

"ಅದೂ ಆಯ್ತ್."

"ದೇವ್ರ ಕೋಣಿದ್?"

ದೇವರ ಕೋಣೆಯ ಬಾಗಿಲ ಮೇಲಿನ ಸಣ್ಣ ಕೆಂಪು ಬಲ್ಬು ಮನೆ ಒಕ್ಕಲಾದ ದಿನ ಹಚ್ಚಿದ್ದು. ಕರೆಂಟ್ ಹೋದಾಗ ತಾನಾಗಿ ಆರಿದ್ದು ಬಿಟ್ಟರೆ ಅದನ್ನು ಯಾರೂ ಆರಿಸಿದವರಿಲ್ಲ. "ಅದೊಂದ್ ಇರ್ಲಿ ದೇವಣ್ಣ. ಅದ್ ಎಷ್ಟ್ ಕರೆಂಟ್ ತಿಂಬುದ್?" ಎಂದು ಪ್ರಫುಲ್ಲಾ ಬಾಗಿಲಿಗೆ ಬಂದು ಕೇಳುತ್ತಾರೆ.

"ಅದ್ ತಿಂಬುದ್ ಎಂತದೂ ಇಲ್ಲೆ ಅಕ್ಕ. ಆದ್ರೆ ಅದ್ ಉರಿತಾ ಇದ್ರೆ ಬೇರೆ ಯಾರ್ ತಿಂಬುದ್ ಅಂತ ನಂಗ್ ಗೊತ್ತಾತಿಲ್ಲೆ. ಒಂದ್ ಎಣ್ಣಿ ದೀಪ ಹಚ್ಚಿ, ಮತ್ತೆ ಅದನ್ನ್ ಆಫ್ ಮಾಡಿ."

ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರು ತಾಲೂಕುಗಳ ಎಷ್ಟೋ ಮನೆಗಳಲ್ಲಿ ದೇವಣ್ಣನ ಕೆಲಸ ಹೀಗೆ ಎಣ್ಣೆ ದೀಪ ಹಚ್ಚಿಸುವುದರಿಂದಲೇ ಶುರುವಾಗುತ್ತದೆ. ಮನೆಯ ಸ್ವಿಚ್ಚುಗಳೆಲ್ಲ ಆಫ್ ಆದ ಮೇಲೆ ಮೀಟರಿನ ಸಣ್ಣ ಕೆಂಪು ದೀಪ ಮಿಣುಕುವುದನ್ನು ನಿಲ್ಲಿಸಬೇಕು. ನಿಲ್ಲಿಸದಿದ್ದರೆ ಕರೆಂಟು ಕಳ್ಳದಾರಿಯಲ್ಲಿ ಎಲ್ಲಿಗೋ ಹೋಗುತ್ತಿದೆ ಎಂದು ಅರ್ಥ. ಬಿಲ್ಲು ಜಾಸ್ತಿ ಬಂತು ಎಂದು ಗೋಳಾಡುವವರ ಅರ್ಧ ಗೋಳಿಗೆ ಕಾರಣ ಹೀಗೆ ಸಿಗುತ್ತದೆ ಎನ್ನುತ್ತಾರೆ ಅವರು. ನಸುಕಿನಲ್ಲೇ ಯಾಕೆ ಎಂದರೆ, ಆಗ ಒಲೆ ಹಚ್ಚಿರುವುದಿಲ್ಲ, ಮಿಕ್ಸಿ ತಿರುಗಿರುವುದಿಲ್ಲ, ಮಸುಕು ಬೆಳಕಿನಲ್ಲಿ ಆ ಚುಕ್ಕೆ ಚೆನ್ನಾಗಿ ಕಾಣುತ್ತದೆ.

ಇಲ್ಲಿ ಚುಕ್ಕೆ ಮಿಣುಕುವುದಿಲ್ಲ. ನೀರು ಸರಿ ಎತ್ತದ ಪಂಪು ತೋರಿಸಲು ಇವರನ್ನು ಕರೆಸಿದ್ದ ರತೀಶ್ ಶೆಟ್ಟರಿಗೆ ಹೆಮ್ಮೆಯೋ ಹೆಮ್ಮೆ. "ಕಂಡ್ರ್ಯಾ? ಒಂದ್ ಮಿಣುಕೂ ಇಲ್ಲೆ. ನಮ್ ಮನಿ ಪಕ್ಕಾ ಅಂದೆ ಅಲ್ದಾ?" ಎನ್ನುತ್ತಾರೆ. ಆದರೆ ಬಾವಿಕಟ್ಟೆಯ ಪಕ್ಕ ನೆಲಕ್ಕಿಳಿಯಬೇಕಿದ್ದ ತಂತಿಯೊಂದು ತುದಿಗೆ ಪ್ಲಾಸ್ಟಿಕ್ ಸುತ್ತಿಸಿಕೊಂಡು ಗಾಳಿಯಲ್ಲಿ ನೇತಾಡುವುದನ್ನು ದೇವಣ್ಣ ಬರುವಾಗಲೇ ನೋಡಿದ್ದಾರೆ.

ಬಾವಿಕಟ್ಟೆಗೆ ಹೋಗುತ್ತಾರೆ. ಪಂಪಿನ ಸ್ವಿಚ್ ಆಫ್ ಇದೆ ಎಂದು ಮತ್ತೊಮ್ಮೆ ನೋಡುತ್ತಾರೆ. ಜೇಬಿನ ಟೆಸ್ಟರ್ ತೆಗೆದು ಪಂಪಿನ ಕಬ್ಬಿಣದ ಮೈಗೆ ಮುಟ್ಟಿಸುತ್ತಾರೆ. ಟೆಸ್ಟರಿನ ಹೊಟ್ಟೆಯೊಳಗಿನ ದೀಪ ಹೊತ್ತಿಕೊಳ್ಳುತ್ತದೆ. ಆಫ್ ಮಾಡಿಟ್ಟ ಪಂಪು, ಮೈತುಂಬ ಕರೆಂಟು.

ಶೆಟ್ಟರ ಮುಖದ ನಗು ಅಲ್ಲೇ ನಿಂತುಬಿಡುತ್ತದೆ. ಆದರೆ ನಿಜವಾಗಿ ಎದೆ ಧಸಕ್ಕೆನ್ನಿಸುವ ಮಾತು ಬರುವುದು ಪ್ರಫುಲ್ಲಾ ಅವರ ಬಾಯಿಂದ. ಅವರು ದಿನಾ ಬೆಳಿಗ್ಗೆ ಇದೇ ಪಂಪಿನ ಬಾಯಿಗೆ ನೀರು ಹೊಯ್ದು ಚಾಲೂ ಮಾಡುವವರು, ಇದರ ಪಕ್ಕದ ಕಲ್ಲಿನ ಮೇಲೇ ಬಟ್ಟೆ ಒಗೆಯುವವರು.

"ನಂಗ್ ಬೆರಳ್ ಜುಂ ಅಂತಿತ್ ದೇವಣ್ಣ, ಪಂಪ್ ಮುಟ್ಟುವಾಗ. ಡಾಕ್ಟ್ರಿಗ್ ಬರೀ ಬೆರಳ್ ಜುಂ ಅಂತಿತ್ ಅಂದೆ, ಪಂಪಿನ ಸುದ್ದಿ ಹೇಳ್ಲಿಲ್ಲೆ. ಶಕ್ತಿ ಕಮ್ಮಿ ಆಯ್ರ್ಕ್ ಅಂತ ಗುಳಿಗೆ ಕೊಟ್ಟಿರ್. ಮೂರ್ ತಿಂಗ್ಳಿಂದ ತಿಂತಾ ಇದ್ದೆ."

ಹಿಮ್ಮಡಿ ಒಡೆದಿದೆ ಎಂದು ಬಾವಿಕಟ್ಟೆಯಲ್ಲೂ ರಬ್ಬರ್ ಚಪ್ಪಲಿ ಹಾಕಿಕೊಳ್ಳುವ ಅಭ್ಯಾಸ ಅವರಿಗೆ. ದೇವಣ್ಣ ಆ ಚಪ್ಪಲಿಯನ್ನು ನೋಡುತ್ತಾರೆ, ಪಂಪಿನ ಕೆಳಗಿನ ಒಣಗಿದ ಸಿಮೆಂಟನ್ನು ನೋಡುತ್ತಾರೆ, ಆಮೇಲೆ ತಲೆಯೆತ್ತಿ ಆಕಾಶವನ್ನು ನೋಡುತ್ತಾರೆ. ಮೇ ತಿಂಗಳ ಕೊನೆ. ಮಳೆ ಇವತ್ತೋ ನಾಳೆಯೋ ಎನ್ನುವಂತಿದೆ.

"ಯಾರ್ ಕತ್ತರ್ಸಿದ್ ಇದನ್ನ್?" ಎಂದು ಕೇಳುತ್ತಾರೆ.

"ನಾನೇ," ಎನ್ನುತ್ತಾರೆ ರತೀಶ್ ಶೆಟ್ಟರು. "ಅರ್ತ್ ವಯರ್ ಇದ್ರೆ ಕರೆಂಟ್ ನೆಲಕ್ಕೆ ಹೋತಿತ್ ಅಂಬ್ರಲೆ. ಕತ್ತರ್ಸ್ದ ತಿಂಗ್ಳೇ ಬಿಲ್ ಇಳ್ದಿತ್ ಕಾಣಿ."

ಬಿಲ್ಲು ಇಳಿದದ್ದು ನಿಜ. ಇಡೀ ಕಥೆಯಲ್ಲಿ ಎಲ್ಲಕ್ಕಿಂತ ಭಯ ಹುಟ್ಟಿಸುವ ಸಂಗತಿಯೂ ಅದೇ.

ಮನೆಯ ವೈರಿಂಗ್ ಗೊತ್ತಿಲ್ಲದವರಿಗೆ ಎರಡು ಮಾತು. ಅಂಗಳದ ಮೂಲೆಯಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಅದರೊಳಗೆ ಹೂತಿಟ್ಟ ಕೊಳವೆಗೆ ಮನೆಯಿಂದ ಒಂದು ತಂತಿ, ಅದೇ ಅರ್ತ್ ವಯರ್, ಎಳೆದಿರುತ್ತಾರೆ. ಬೇಸಿಗೆಯಲ್ಲಿ ಆ ಗುಂಡಿಗೆ ಒಂದು ಕೊಡ ನೀರು ಹೊಯ್ಯುವುದು ನಮ್ಮ ಕಡೆಯ ಹಿರಿಯರ ಶಿಸ್ತು. ಪಂಪೋ ಗೀಸರೋ ಒಳಗೆ ಹಾಳಾಗಿ ಕರೆಂಟು ಅದರ ಮೈಗೆ ಬಂದರೆ, ಮುಟ್ಟಿದವರ ಮೇಲೆ ಹಾಯುವ ಬದಲು ಈ ತಂತಿ ಹಿಡಿದು ನೆಲಕ್ಕೆ ಹೋಗಲಿ ಎಂದು ಆ ಏರ್ಪಾಡು. ಹಾಗೆ ಹೋಗುವ ಕರೆಂಟನ್ನೂ ಮೀಟರ್ ಲೆಕ್ಕ ಹಾಕುತ್ತದೆ, ಬಿಲ್ಲು ಏರುತ್ತದೆ. ತಂತಿ ಕತ್ತರಿಸಿದರೆ ಬಿಲ್ಲು ಇಳಿಯುತ್ತದೆ, ಆದರೆ ಕರೆಂಟು ಪಂಪಿನ ಮೈಯಲ್ಲೇ ಉಳಿಯುತ್ತದೆ. ಒದ್ದೆ ಕಾಲಿನಲ್ಲಿ ಯಾರಾದರೂ ಬಂದು ಮುಟ್ಟುವುದನ್ನು ಕಾಯುತ್ತ ಕೂತಿರುತ್ತದೆ. ಪಂಪಿನ ಸ್ವಿಚ್ಚನ್ನು ಯಾರೋ ತಪ್ಪು ತಂತಿಗೆ ಹಾಕಿದ್ದರೆ, ಪಂಪು ಆಫ್ ಇದ್ದಾಗಲೂ ಅದೇ ಕಥೆ. ಶೆಟ್ಟರ ಮನೆಯಲ್ಲಿ ಆದದ್ದು ಇದು.

ಇಷ್ಟು ದೊಡ್ಡ ಅಪಾಯವನ್ನು ಜನ ತಮ್ಮ ಕೈಯಾರೆ ಮಾಡಿಕೊಂಡದ್ದು ಉಳಿತಾಯಕ್ಕಾಗಿ. ಗೃಹಜ್ಯೋತಿ ಬಂದ ಮೇಲಂತೂ ಯೂನಿಟ್ಟಿನ ಲೆಕ್ಕ ಕರಾವಳಿಯ ಅಡುಗೆಮನೆಗಳಲ್ಲಿ ಮೀನಿನ ದರದಷ್ಟೇ ಚರ್ಚೆಯ ವಿಷಯ. ಗಡಿ ದಾಟಿದರೆ ದುಡ್ಡು ಕಟ್ಟಬೇಕಲ್ಲ ಎಂಬ ಹೆದರಿಕೆಗೆ ಜನ ಮಾಡುವ ಸರ್ಕಸ್ಸುಗಳನ್ನು ದೇವಣ್ಣನ ಬಾಯಲ್ಲಿ ಕೇಳಬೇಕು. ಮೀಟರಿಗೆ ಅಯಸ್ಕಾಂತ ಅಂಟಿಸಿದವರಿದ್ದಾರೆ. ರಾತ್ರಿಯಿಡೀ ಫ್ರಿಜ್ ಆಫ್ ಮಾಡಿ ಬೆಳಿಗ್ಗೆ ಒಂದು ಬುಟ್ಟಿ ಬಂಗುಡೆ ತೆಂಗಿನ ಬುಡಕ್ಕೆ ಸುರಿದವರಿದ್ದಾರೆ. ಪ್ಲಗ್ಗಿಗೆ ಚುಚ್ಚಿದರೆ ಬಿಲ್ಲು ಅರ್ಧವಾಗುತ್ತದೆ ಎಂಬ ಡಬ್ಬಿಯನ್ನು ಅಂಚೆಯಲ್ಲಿ ತರಿಸಿದವರೊಬ್ಬರು, ಅದರ ಮೇಲೆ ಹಸಿರು ದೀಪ ಉರಿಯುತ್ತದಲ್ಲ ಎಂದು ನಂಬಿ ಎರಡನೆಯದನ್ನೂ ತರಿಸಿದ್ದರು. ದೇವಣ್ಣ ಅದನ್ನು ಬಿಚ್ಚಿ ತೋರಿಸಿದರೆ ಒಳಗೆ ಇದ್ದದ್ದು ಆ ಹಸಿರು ದೀಪ, ತೂಕಕ್ಕೆ ಒಂದು ಹಿಡಿ ಮರಳು.

"ನಂಬುಕಾತಿಲ್ಲೆ ಅಲ್ದಾ? ನಂಗೂ ಆಯ್ಲಿಲ್ಲೆ," ಎನ್ನುತ್ತಾರೆ. "ಅವ್ರ ಮನಿ ಪಂಪಿನ ಫುಟ್‌ವಾಲ್ವ್ ಸೋರ್ತಾ ಇದ್ದಿತ್. ಅರ್ಧ ಗಂಟಿಲಿ ತುಂಬು ಟಾಂಕಿಗೆ ಎರ್ಡ್ ಗಂಟಿ ಓಡ್ಸ್ತಾ ಇದ್ದಿರ್. ಅದನ್ನ್ ಬಿಟ್ಟ್ ಮರಳಿಗೆ ದುಡ್ಡ್ ಕೊಟ್ಟಿರ್."

ಅವರ ಸ್ವಂತ ಸಲಹೆಗಳಲ್ಲಿ ಅಂಥ ಪವಾಡ ಏನೂ ಇಲ್ಲ. ಎತ್ತಿದ ನೀರು ಬಾವಿಗೆ ವಾಪಸು ಇಳಿಯದಂತೆ ತಡೆಯುವ ಫುಟ್‌ವಾಲ್ವ್ ಸರಿಯಿರಲಿ, ಬಾವಿ ಪಂಪು ಒಂದೇ ಸಲ ಓಡಿ ಟಾಂಕಿ ತುಂಬಲಿ. ಸ್ನಾನ ಮುಗಿದ ಕೂಡಲೇ ಗೀಸರ್ ಆರಲಿ. ತೆಂಗಿನ ಸಿಪ್ಪೆ, ಒಣ ಮಡಲು ಇರುವ ಮನೆಯವರು ಬಚ್ಚಲ ಒಲೆಯನ್ನು ಒಡೆಯದೆ ಇಟ್ಟುಕೊಳ್ಳಲಿ. ಇಷ್ಟು ಮಾಡಿದರೆ ಎರಡೇ ತಿಂಗಳಲ್ಲಿ ವ್ಯತ್ಯಾಸ ಕಾಣುತ್ತದೆ ಎನ್ನುತ್ತಾರೆ. ಮೀಟರಿನಿಂದ ಆಚೆ, ಕಂಬದ ಕಡೆಯ ಯಾವುದನ್ನೂ ಅವರು ಮುಟ್ಟುವುದಿಲ್ಲ. ಅದಕ್ಕೆ ಲೈಸೆನ್ಸ್ ಇದ್ದವರನ್ನು ಕರೆಯಿರಿ ಎಂದು ಕಡ್ಡಿ ಮುರಿದಂತೆ ಹೇಳಿಬಿಡುತ್ತಾರೆ.

ಐವತ್ತೆಂಟು ದಾಟಿದ ದೇವು ಮೊಗವೀರ ಗಂಗೊಳ್ಳಿ ಬಂದರಿನವರು. ಬೋಟಿನಲ್ಲಿ ಇಂಜಿನ್, ಬ್ಯಾಟರಿ, ದೀಪಗಳ ಕೆಲಸ ಮಾಡಿಕೊಂಡಿದ್ದವರು. ಮಳೆಗಾಲದ ಎರಡು ತಿಂಗಳು ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಆ ಬಿಡುವಿನಲ್ಲಿ ಕೈ ಖಾಲಿ ಬಿಡಬಾರದು ಎಂದು ಕುಂದಾಪುರದ ಒಂದು ಅಂಗಡಿಯಲ್ಲಿ ಕೂತು ಪಂಪು ಬಿಚ್ಚುವುದು, ಕಟ್ಟುವುದು ಕಲಿತರು. ಆಗಸ್ಟ್ ಬಂತೆಂದರೆ ಕಡಲು, ಜೂನ್ ಬಂತೆಂದರೆ ಪಂಪು. ಇಪ್ಪತ್ತೈದು ವರ್ಷ ಹೀಗೇ ನಡೆಯಿತು. ಪಂಪಿನ ದೇವಣ್ಣ ಎಂದರೆ ಬೈಂದೂರಿನ ತನಕ ಗುರುತು.

ಈಗ ಅವರು ಕಡಲಿಗೆ ಹೋಗುವುದಿಲ್ಲ. ಯಾಕೆ ಎಂದು ಕೇಳಿದರೆ ಮೊದಲು ಟೀ ತರಿಸುತ್ತಾರೆ, ಆಮೇಲೆ ಹೇಳುತ್ತಾರೆ.

ಹೋದ ವರ್ಷಕ್ಕೂ ಹಿಂದಿನ ವರ್ಷದ ಜುಲೈ ಕೊನೆ. ಬೈಂದೂರಿನ ಪಕ್ಕದ ಯಡ್ತರೆಯಲ್ಲಿ ಬಚ್ಚ ಪೂಜಾರಿಯವರ ಮನೆಯ ಬಿಲ್ಲು ಇದ್ದಕ್ಕಿದ್ದಂತೆ ಏರಿತ್ತು. ದೇವಣ್ಣ ಹೋಗಿ ಎಲ್ಲ ಆಫ್ ಮಾಡಿಸಿ ಮೀಟರ್ ಎದುರು ಕೂತರು. ಕೆಂಪು ಚುಕ್ಕೆ ಮಿಣುಕುತ್ತಲೇ ಇತ್ತು. ಪಂಪಿನೊಳಗೆ ತಂತಿ ಹಾಳಾಗಿತ್ತು. ಪಂಪು ಬಿಚ್ಚಬೇಕು, ಸಾಮಾನು ತರಬೇಕು, ಅವರಿಗೋ ಮರುದಿನ ಬೋಟಿನ ಕೆಲಸ. ಹೊರಡುವ ಗಡಿಬಿಡಿಯಲ್ಲಿ ಒಂದು ಮಾತು ಹೇಳಿದರು.

"ಬಚ್ಚಣ್ಣ, ಕರೆಂಟ್ ಅರ್ತ್ ವಯರಂಗೆ ನೆಲಕ್ಕೆ ಹೋತಾ ಇತ್, ಅದ್ಕೇ ಬಿಲ್ ಬಪ್ದ್. ಸದ್ಯ ಪಂಪ್ ಓಡ್ಸಬೇಡಿ. ನಾನ್ ಬಂದ್ ಸರಿ ಮಾಡ್ತೆ ಅಂತ ಹೇಳ್ದೆ," ಎಂದು ನೆನಪಿಸಿಕೊಳ್ಳುತ್ತಾರೆ. "ಅಷ್ಟೇ ಹೇಳಿದ್. ಸುಳ್ಳ್ ಒಂದೂ ಇಲ್ಲೆ ಅದ್ರಂಗೆ."

ಸುಳ್ಳು ಇರಲಿಲ್ಲ. ಆದರೆ ಬಚ್ಚ ಪೂಜಾರಿಯವರಿಗೆ ಪಂಪು ಓಡಿಸದೆ ಆಗುತ್ತದೆಯೇ? ದನಕ್ಕೆ ನೀರು ಬೇಕು, ಮನೆಗೆ ನೀರು ಬೇಕು. ಕರೆಂಟು ಹೋಗುವ ದಾರಿ ಆ ತಂತಿ ತಾನೇ ಎಂದು ಅವರು ಯೋಚಿಸಿದರು. ತೋಟದ ನೀರು ಪಕ್ಕದವರ ಗದ್ದೆಗೆ ಹರಿದರೆ ನಾವು ಏನು ಮಾಡುತ್ತೇವೆ? ಮಣ್ಣು ಹಾಕಿ ಕಟ್ಟುತ್ತೇವೆ. ಅವರೂ ಕಟ್ಟಿದರು. ಕತ್ತಿ ತೆಗೆದುಕೊಂಡು ತಂತಿ ಕಡಿದರು. ಮುಂದಿನ ತಿಂಗಳು ಬಿಲ್ಲು ಇಳಿಯಿತು.

ಇಳಿದ ಬಿಲ್ಲನ್ನು ಯಾರಾದರೂ ಗುಟ್ಟಾಗಿ ಇಟ್ಟುಕೊಳ್ಳುತ್ತಾರೆಯೇ? ಬೆಳಿಗ್ಗೆ ಹಾಲಿನ ಡೈರಿಯ ಸಾಲಿನಲ್ಲಿ ಬಚ್ಚಣ್ಣ ಸುದ್ದಿ ಹೇಳಿದರು. ಸಾಲಿನಲ್ಲಿದ್ದವರು ಮನೆಗೆ ಹೋಗಿ ಕತ್ತಿ ಹುಡುಕಿದರು. ಕೆಲವರ ಬಿಲ್ಲು ಇಳಿಯಿತು. ಇಳಿಯದವರು ಸುಮ್ಮನಿದ್ದರು, ಇಳಿದವರು ಇನ್ನಷ್ಟು ಜನರಿಗೆ ಹೇಳಿದರು. ಯಾರೋ ಒಬ್ಬ ಪುಣ್ಯಾತ್ಮ ಅದನ್ನು ವಾಟ್ಸಾಪಿಗೆ ಹಾಕಿದ. ಕಡಲಿನಲ್ಲಿದ್ದ, ಮರುವರ್ಷದ ಮಳೆಗಾಲವಿಡೀ ಅಂಗಡಿಯಲ್ಲೇ ಕೂತು ಪಂಪು ಕಟ್ಟಿದ ದೇವಣ್ಣನಿಗೆ ಇದೊಂದೂ ಗೊತ್ತಿರಲಿಲ್ಲ. ಬಚ್ಚಣ್ಣ ಪಂಪಿನ ಸುದ್ದಿಗೆ ಮತ್ತೆ ಕರೆಯಲೂ ಇಲ್ಲ, ಇವರು ಹೋಗಲೂ ಇಲ್ಲ.

ಗೊತ್ತಾದದ್ದು ಕಳೆದ ವರ್ಷದ ದೀಪಾವಳಿಗೆ, ಬ್ರಹ್ಮಾವರದಲ್ಲಿ, ಮಗಳು ದಿವ್ಯಾಳ ಮನೆಯಲ್ಲಿ. ಎಣ್ಣೆ ಸ್ನಾನದ ಬೆಳಿಗ್ಗೆ. ಮೊಮ್ಮಗಳು ಶ್ರಾವ್ಯಳನ್ನು ಮೀಯಿಸಲು ದಿವ್ಯಾ ಗೀಸರ್ ಹಾಕಿದ್ದಳು. ಬಚ್ಚಲಿನ ಹೊರಗಡೆ ಹಲ್ಲುಜ್ಜುತ್ತ ನಿಂತಿದ್ದ ದೇವಣ್ಣನ ಕಣ್ಣು ಗೋಡೆಯ ಬುಡಕ್ಕೆ ಹೋಯಿತು. ತಂತಿ ಕತ್ತರಿಸಿ, ತುದಿಯನ್ನು ಚಂದ ಮಾಡಿ ಮಡಚಿಟ್ಟಿತ್ತು. ಒಳಗೆ ಮಗು ನೀರಾಟದಲ್ಲಿ ನಗುವ ಸದ್ದು.

ಅವರು ಓಡಿಹೋಗಿ ಮೇನ್ ಸ್ವಿಚ್ ಇಳಿಸಿದರು. ಮನೆಯವರು ಗಾಬರಿಯಾಗಿ ಹೊರಗೆ ಬಂದರು. ತಲೆಗೆ ಎಣ್ಣೆ ಹಚ್ಚಿಕೊಂಡಿದ್ದ ಅಳಿಯ ರತನ್ ಕಕ್ಕಾಬಿಕ್ಕಿ. ಯಾರು ಮಾಡಿದ್ದು ಇದು ಎಂದು ದೇವಣ್ಣ ಕೂಗಿದರೆ ದಿವ್ಯಾ ತಣ್ಣಗೆ ಹೇಳಿದಳು, "ಅಪ್ಪಯ್ಯ, ಅದ್ ನೀವೇ ಹೇಳ್ದ್ ಅಲ್ದಾ?"

ರತನ್ ಫೋನು ತಂದು ಕೇಳಿಸಿದ. ಗುರುತಿಲ್ಲದ ಗಂಡಸಿನ ದನಿ. ಗಂಗೊಳ್ಳಿಯ ಪಂಪಿನ ದೇವಣ್ಣ ಇಪ್ಪತ್ತೈದು ವರ್ಷದಿಂದ ಕರೆಂಟಿನ ಕೆಲಸ ಮಾಡುವವರು, ಅರ್ತ್ ವಯರಿನಲ್ಲಿ ಕರೆಂಟು ನೆಲಕ್ಕೆ ಹೋಗುತ್ತದೆ ಎಂದು ಅವರೇ ಹೇಳಿದ್ದಾರೆ, ಕತ್ತರಿಸಿದರೆ ಬಿಲ್ಲು ಅರ್ಧ, ಹತ್ತು ಜನಕ್ಕೆ ಕಳಿಸಿ. ಮಾವನೇ ಹೇಳಿದ ಮೇಲೆ ಮಾವನನ್ನು ಕೇಳುವುದು ಏನಿದೆ ಎಂದು ಅಳಿಯ ಕತ್ತರಿಸಿದ್ದ.

"ಆ ಗೀಸರ್ ಸರಿ ಇದ್ದಿತ್. ಅದೊಂದ್ ನಮ್ ಪುಣ್ಯ," ಎನ್ನುತ್ತಾರೆ ದೇವಣ್ಣ. "ನಾನ್ ಅಲ್ಲೇ ಬಚ್ಚಲ ಬಾಗ್ಲಂಗೆ ಕೂಕಂಡೆ. ಯಾರೋ ದಾರಿಲಿ ಹೋಪೋರ್ ಹೇಳಿದ್ ಅಂದ್ರೆ ಮಗ್ಳ್ ಕೇಂತಿರ್ಲಿಲ್ಲೆ. ನನ್ ಹೆಸ್ರ್ ಕೇಂಡ್ ಮಾಡಿದ್."

ಅವರು ಹಬ್ಬದ ಊಟಕ್ಕೆ ನಿಲ್ಲಲಿಲ್ಲ. ಮಗಳ ಮನೆಯ ತಂತಿ ಜೋಡಿಸಿ, ನೇರ ಯಡ್ತರೆಯ ಬಸ್ಸು ಹತ್ತಿದರು. ಅಲ್ಲಿ ಇನ್ನೊಂದು ಆಘಾತ ಕಾದಿತ್ತು.

ಬಚ್ಚ ಪೂಜಾರಿಯವರ ಹಟ್ಟಿಯಲ್ಲಿ ದನ ಇರಲಿಲ್ಲ. ಆ ವರ್ಷದ ಮಳೆಗಾಲದ ಮೊದಲ ವಾರ, ಪಂಪಿನ ಬದಿಯ ಹುಲ್ಲು ಮೇಯುತ್ತಿದ್ದ ಗಬ್ಬದ ದನ ನಿಂತಲ್ಲೇ ಬಿದ್ದು ಸತ್ತಿತ್ತು. ಮೈಯಲ್ಲಿ ಗಾಯವಿಲ್ಲ, ಕಾಯಿಲೆಯ ಗುರುತಿಲ್ಲ. ಹಾವು ಕಚ್ಚಿರಬೇಕು ಎಂದರು ಕೆಲವರು. ಬಾವಿಯ ಹತ್ತಿರವೇ ಆದದ್ದರಿಂದ ನಾಗನ ಅಸಮಾಧಾನವಿರಬಹುದು ಎಂದು ಮನೆಯವರಿಗೆ ಅನ್ನಿಸಿತು. ಭಕ್ತಿಯಿಂದ ನಾಗಬನಕ್ಕೆ ಹೋಗಿ, ನಾಗನಿಗೆ ಹಾಲೆರೆಯುವ ತನು ಸೇವೆ ಮಾಡಿಸಿಕೊಂಡು ಬಂದರು. ತಂತಿಯ ನೆನಪು ಯಾರಿಗೂ ಬರಲಿಲ್ಲ.

ದೇವಣ್ಣ ಟೆಸ್ಟರ್ ತೆಗೆದು ಪಂಪಿಗೆ ಮುಟ್ಟಿಸಿದರು. ದೀಪ ಹೊತ್ತಿಕೊಂಡಿತು. ಅದನ್ನು ನೋಡಿ ಬಚ್ಚಣ್ಣ ಹೇಳಿದ ಮಾತನ್ನು ದೇವಣ್ಣ ಮೆಲ್ಲಗೆ ತಮ್ಮ ಬಾಯಲ್ಲಿ ಹೇಳುತ್ತಾರೆ. "ದೇವು, ಆ ದಿನ ದನ ಕಟ್ಟುಕೆ ನಮ್ ಸೊಸಿ ಹೋಯ್ಕ್ ಇದ್ದಿತ್. ಮಳಿ ಬಂತ್ ಅಂತ ಮನಿಯಂಗೇ ನಿಂತ್ಲ್."

ಆ ಮಾತು ಹೇಳಿಸಿಕೊಂಡು ಬಂದ ಮನುಷ್ಯನಿಗೆ ಹೇಗಾಗಿರಬೇಡ? ಮರುವಾರ ಬೋಟು ನಡೆಸುವ ತಾಂಡೇಲರಿಗೆ ಹೇಳಿ ತಮ್ಮ ಲೆಕ್ಕ ಮುಗಿಸಿಕೊಂಡರು. ಮುಂದಿನ ಮಳೆ ಶುರುವಾಗುವುದರೊಳಗೆ ಎಷ್ಟು ಮನೆ ಸಾಧ್ಯವೋ ಅಷ್ಟು ಮನೆಯ ತಂತಿ ಜೋಡಿಸುವುದು, ಇದೊಂದೇ ಅವರ ತಲೆಯಲ್ಲಿ ಕೂತುಬಿಟ್ಟಿತು. ಹಳೆಯ ಸ್ಕೂಟರಿನಲ್ಲಿ ದಿನಕ್ಕೆ ಮೂರು ನಾಲ್ಕು ಮನೆ. ಸ್ಕೂಟರು ಕೈಕೊಟ್ಟ ದಿನ ಬಸ್ಸು. ಕೂಲಿ ಇನ್ನೂರು, ಅದೂ ಕೊಟ್ಟರೆ.

ಹೇಳಿದಷ್ಟು ಸುಲಭವಲ್ಲ ಅದು. ಹಾಳಾದ ಪಂಪು ಹಾಗೇ ಇಟ್ಟು ಬರೀ ತಂತಿ ಜೋಡಿಸಿದರೆ ಬಿಲ್ಲು ಮತ್ತೆ ಏರುತ್ತದೆ, ಇವರು ಬೆನ್ನು ತಿರುಗಿಸಿದ ಕೂಡಲೇ ಮನೆಯವರು ಮತ್ತೆ ಕತ್ತಿ ಹಿಡಿಯುತ್ತಾರೆ. ಹಾಗಾಗಿ ಮೊದಲು ಸೋರುವ ಜಾಗ ಹುಡುಕಬೇಕು, ಸರಿ ಮಾಡಬೇಕು, ಆಮೇಲೆ ಜೋಡಿಸಬೇಕು. ಎಷ್ಟೋ ಕಡೆ ಅಂಗಳದಿಂದಲೇ ವಾಪಸು ಕಳಿಸಿದ್ದಾರೆ. ಒಬ್ಬರಂತೂ ಮುಖಕ್ಕೆ ಹೊಡೆದ ಹಾಗೆ, "ಅಂದ್ ಕತ್ತರ್ಸಿ ಅಂದ್ರಿ, ಇಂದ್ ಜೋಡ್ಸಿ ಅಂತ್ರಿ. ನಿಮ್ಗ್ ಎರಡ್ ಕಡಿಯಿಂದ್ಲೂ ದುಡ್ಡ್," ಎಂದರು. ದೇವಣ್ಣ ಆ ಮನೆಗೆ ಮೂರು ಸಲ ಹೋಗಿದ್ದಾರೆ. ಮೂರನೆಯ ಸಲ ನಾಯಿ ಬಿಟ್ಟರು.

ಹೆಂಡತಿ ಜಲಜ ಬಂದರಿನಲ್ಲಿ ಮೀನು ಹರಾಜು ಹಿಡಿದು ಮಾರುವವರು. ಬೋಟಿನ ಪಾಲು ನಿಂತ ಮೇಲೆ ಮನೆಯ ಖರ್ಚು ಹೆಚ್ಚುಕಮ್ಮಿ ಅವರ ಬುಟ್ಟಿಯ ಮೇಲೆ. "ಮನಿ ಹಿತ್ಲಿನ ಬಲ್ಬ್ ಹೋಯಿ ಆರ್ ತಿಂಗ್ಳಾಯ್ತ್. ಹಾಕುಕೆ ಪುರ್ಸೊತ್ತಿಲ್ಲೆ ಇವ್ರಿಗೆ," ಎಂದು ಗೊಣಗುತ್ತಾರೆ. "ಎಂತ ಮಾಡುದ್? ಬ್ಯಾಡ ಅಂಬುಕೂ ಆತಿಲ್ಲೆ. ನಿದ್ರಿಯಂಗೆ ಮೊಮ್ಮಗ್ಳ ಹೆಸ್ರ್ ಕೂಗ್ತ್ರ್."

ಗುಲ್ವಾಡಿಯ ಬಾವಿಕಟ್ಟೆಯಲ್ಲಿ ಈಗ ಬಿಸಿಲು ಬಂದಿದೆ. ರತೀಶ್ ಶೆಟ್ಟರು ಇನ್ನೂ ಅನುಮಾನದಲ್ಲಿದ್ದಾರೆ. ಪಂಪಿನ ಕೆಳಗೆ ಒಂದು ರಬ್ಬರ್ ಶೀಟ್ ಹಾಕಿದರೆ ಆಗದೇ, ತಂತಿ ಜೋಡಿಸಲೇಬೇಕೇ, ಗಡಿ ದಾಟಿದರೆ ಬಿಲ್ಲು ಯಾರು ಕಟ್ಟುವುದು ಎಂದು ರಾಗ ಎಳೆಯುತ್ತಾರೆ. ಪ್ರಫುಲ್ಲಾ ಒಳಗೆ ಹೋಗಿ ಗುಳಿಗೆಯ ಪಟ್ಟಿಯನ್ನು ತಂದು ಗಂಡನ ಕೈಗೆ ಕೊಡುತ್ತಾರೆ.

"ಇದ್ನ ಇನ್ ನೀವ್ ತಿನ್ನಿ," ಎನ್ನುತ್ತಾರೆ. "ನಾಳಿಂದ ಪಂಪಿಗೆ ನೀರ್ ಹೊಯ್ಯುದೂ ನೀವೇ. ಚಪ್ಲಿ ತೆಗ್ದ್ ಹೊಯ್ನಿ."

ಶೆಟ್ಟರು ಗುಳಿಗೆಯ ಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ದೇವಣ್ಣನಿಗೆ ದಾರಿ ಬಿಡುತ್ತಾರೆ.

ಮೇನ್ ಇಳಿಸಿ ಕೆಲಸ ಶುರುವಾಗುತ್ತದೆ. ಪಂಪಿನ ಬಾಯಿಯ ಹತ್ತಿರ ಕೇಬಲ್ಲನ್ನು ಅಳಿಲು ಕಡಿದಿದೆ, ಒಳಗಿನ ತಾಮ್ರ ಕಬ್ಬಿಣಕ್ಕೆ ತಾಗುತ್ತಿದೆ. ಆ ತುಂಡನ್ನು ಕತ್ತರಿಸಿ ಹೊಸದು ಹಾಕುತ್ತಾರೆ. ತಪ್ಪು ತಂತಿಗೆ ಹಾಕಿದ್ದ ಸ್ವಿಚ್ಚನ್ನು ಸರಿ ತಂತಿಗೆ ಹಾಕುತ್ತಾರೆ. ಫುಟ್‌ವಾಲ್ವ್ ತೊಳೆದು ಕೂರಿಸುತ್ತಾರೆ. ಎಲ್ಲಕ್ಕಿಂತ ಕೊನೆಗೆ ನೇತಾಡುತ್ತಿದ್ದ ತಂತಿಯ ತುದಿಯ ಪ್ಲಾಸ್ಟಿಕ್ ಬಿಚ್ಚಿ, ಚಾಕುವಿನಿಂದ ಹೆರೆದು ಹೊಳಪು ಬರಿಸಿ, ನಟ್ಟು ಬಿಗಿದು ನೆಲಕ್ಕೆ ಸೇರಿಸುತ್ತಾರೆ. ಮತ್ತೆ ಮೀಟರ್ ಎದುರು ಕೂತು ನೋಡುತ್ತಾರೆ. ಕೆಂಪು ಚುಕ್ಕೆ ಮಿಣುಕುವುದಿಲ್ಲ. ಟೆಸ್ಟರ್ ಮುಟ್ಟಿಸಿದರೆ ದೀಪ ಹೊತ್ತುವುದಿಲ್ಲ. ಬಿಲ್ಲು ಏರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಶೆಟ್ಟರೇ ಒಳಗೆ ಹೋಗಿ ಕಾಫಿ ಹೇಳಿ ಬರುತ್ತಾರೆ.

ಕಾಫಿ ಕುಡಿಯುತ್ತ ದೇವಣ್ಣ ಕಳೆದ ವಾರದ ಒಂದು ಸಂಗತಿ ಹೇಳುತ್ತಾರೆ. ಸಿದ್ದಾಪುರದ ಕಡೆ ಕೆಲಸಕ್ಕೆಂದು ಬಸ್ಸಿನಲ್ಲಿ ಹೊರಟಿದ್ದರು. ಘಟ್ಟದ ಬುಡದ ಆ ಊರುಗಳಲ್ಲಿ ಇವರ ಹೆಸರು ಗೊತ್ತಿದ್ದರೂ ಮುಖ ಕಂಡವರಿಲ್ಲ. ಪಕ್ಕದಲ್ಲಿ ಕೂತವರು ಅಶೋಕ್ ಎಂಬ ರಬ್ಬರ್ ಬೆಳೆಗಾರ. ಇವರ ಚೀಲದಿಂದ ಇಣುಕುತ್ತಿದ್ದ ತಂತಿ ನೋಡಿ ಕರೆಂಟಿನ ಸುದ್ದಿ ತೆಗೆದರು.

"ಹ್ವಾಯ್, ನೀವ್ ಬಂದ್ರಿನೋರ್ ಅಂದ್ರಿ. ಪಂಪಿನ ದೇವಣ್ಣ ಅಂತ ಇದ್ದಿರಲೆ, ಅವ್ರನ್ನ್ ಕಂಡಿದ್ರ್ಯಾ?"

"ಕಂಡಿದ್ದೆ," ಎಂದರಂತೆ ಇವರು.

"ಪಾಪ, ಹೋಯ್ರಂಬ್ರ್. ಅರ್ತ್ ವಯರ್ ಕತ್ತರ್ಸಿ ಅಂತ ಊರಿಗೆಲ್ಲ ಹೇಳಿ, ತಮ್ ಮನಿದೂ ಕತ್ತರ್ಸಿ, ಅದೇ ಪಂಪ್ ಮುಟ್ಟಿ ಸತ್ತ್ ಹೋಯ್ರಂಬ್ರ್. ವಾಟ್ಸಾಪಂಗೆ ಬಂದಿತ್. ಅದ್ ಕೇಂಡ್ ನಮ್ ಬದಿಯೋರ್ ಎಲ್ಲ ಹೆದ್ರಿ, ವೈರ್‌ಮನ್ ಕರ್ಸಿ ಮತ್ತೆ ಜೋಡ್ಸಿರ್.‌ ನಾನೂ ಜೋಡ್ಸ್ದೆ."

ದೇವಣ್ಣ ಹೌಹಾರಿ ಅವರ ಮುಖವನ್ನೇ ನೋಡಿದರಂತೆ. ಆರು ತಿಂಗಳು ಊರೂರು ಅಲೆದು, ಬೈಸಿಕೊಂಡು, ನಾಯಿ ಬಿಡಿಸಿಕೊಂಡು ತಾವು ಬದುಕಿದ್ದು ಮಾಡಲಾಗದ್ದನ್ನು ಯಾರೋ ವಾಟ್ಸಾಪಿನಲ್ಲಿ ತಮ್ಮನ್ನು ಕೊಂದು ಒಂದೇ ವಾರದಲ್ಲಿ ಮಾಡಿದ್ದರು. ನಾನೇ ಆ ದೇವಣ್ಣ ಎನ್ನಲು ಬಾಯಿ ತೆರೆದವರು ಮತ್ತೆ ಮುಚ್ಚಿದರು.

"ಎಂತ ಹೇಳಿದ್ರಿ ಮತ್ತೆ?" ಎಂದು ಪ್ರಫುಲ್ಲಾ ಕೇಳುತ್ತಾರೆ.

"ಎಂತ ಹೇಳುದ್ ಅಕ್ಕ? ಹೌದ್, ಒಳ್ಳೆ ಜನ ಆಯಿದ್ದಿರ್ ಅಂತ ಹೇಳ್ದೆ."

ಪ್ರಫುಲ್ಲಾ ಬಾಯಿಗೆ ಸೆರಗು ಹಿಡಿಯುತ್ತಾರೆ. ನಗುವುದೋ ಅಳುವುದೋ ಅವರಿಗೆ ತಿಳಿಯುತ್ತಿಲ್ಲ. ದೇವಣ್ಣ ಲೋಟ ಕೆಳಗಿಟ್ಟು, ಇಷ್ಟು ಹೊತ್ತು ಬರೆದುಕೊಳ್ಳುತ್ತಿದ್ದ ಪತ್ರಿಕೆಯವರ ಕಡೆ ತಿರುಗುತ್ತಾರೆ. ಪೇಪರಿನಲ್ಲಿ ನನ್ನ ಫೋಟೊ ಬೇಡ, ಹೊಗಳುವುದೂ ಬೇಡ ಎಂದು ಮೊದಲೇ ಹೇಳಿದ್ದವರು. ಈಗ ಇನ್ನೊಂದು ಬೇಡಿಕೆ.

"ಒಂದ್ ಉಪ್ಕಾರ ಮಾಡ್ಕ್. ನಾನ್ ಬದ್ಕಿದ್ದೆ ಅಂತ ಮಳಿ ಮುಗು ತನ್ಕ ಬರಿಬೇಡಿ. ಇನ್ನೂ ಸುಮಾರ್ ಮನಿ ಬಾಕಿ ಇತ್."

ಬರೆದದ್ದು ಮಡಚಿಟ್ಟು ಕಾಯಬೇಕಾಯಿತು. ಜೂನಿನಲ್ಲಿ ಹಿಡಿದ ಮಳೆ ಈ ವರ್ಷ ನವರಾತ್ರಿ ಕಳೆದರೂ ಬಿಡಲಿಲ್ಲ. ಈಗ ಗದ್ದೆ ಒಣಗಿದೆ, ಬಾವಿಕಟ್ಟೆ ಒಣಗಿದೆ, ದೀಪಾವಳಿಯೂ ಮುಗಿದಿದೆ. ಈ ವರ್ಷದ ಎಣ್ಣೆ ಸ್ನಾನಕ್ಕೆ ಅವರು ಬ್ರಹ್ಮಾವರದಲ್ಲೇ ಇದ್ದರು, ಹಬ್ಬದ ಊಟವನ್ನೂ ಮಾಡಿದರು. ಆದ್ದರಿಂದ ಸಿದ್ದಾಪುರದ ಕಡೆಯವರ ಕ್ಷಮೆ ಕೇಳಿ ಇಷ್ಟು ತಿಳಿಸಬಹುದು: ಗಂಗೊಳ್ಳಿಯ ಪಂಪಿನ ದೇವಣ್ಣ ಸತ್ತಿಲ್ಲ. ನೀವು ಜೋಡಿಸಿದ ತಂತಿಯನ್ನು ದಯವಿಟ್ಟು ಹಾಗೇ ಬಿಡಿ.